ಅರವತ್ತೇಳರ ಮಸ್ಟಾಂಗಿಗೆ ಆರತಿ

ಜ್ಯೋತ್ಸ್ನಾ: ಹಳೇದೋ ಹೊಸದೋ, ಒಂದು ಮಾತು ಹೇಳಿಬಿಡಿ. ಮಗೂನ ಕೂರಿಸೋ ವಿಚಾರ ಆಮೇಲೆ.

ಲತೇಶ್: ಎರಡೂ ಮಾರಾಯ್ತಿ. ಮೈ ಹಳೇದು, ಒಳಗೆ ಎಲ್ಲ ಹೊಸದು.

ಜ್ಯೋತ್ಸ್ನಾ: ಫ್ರೆಂಡ್ಸ್ ಬಂದ್ರೆ "ಅರವತ್ತೇಳನೇ ಇಸವಿ ಗಾಡಿ" ಅಂತ ಎದೆ ಉಬ್ಬಿಸ್ತೀರಿ. ನಾನು ಬ್ರೇಕ್ ಬಗ್ಗೆ ಕೇಳಿದ್ರೆ "ಹೋದ ತಿಂಗಳು ಹಾಕಿಸಿದ್ದು" ಅಂತೀರಿ.

ಲತೇಶ್: ಹೌದಲ್ವಾ? ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್, ಎಸಿ, ಸಿಡಿ. ಚಳಿಗೆ ಸೀಟು ಬಿಸಿ ಮಾಡ್ಲಿಕ್ಕೂ ಸ್ವಿಚ್ಚು ಉಂಟು.

ಜ್ಯೋತ್ಸ್ನಾ: ಮಗು ಹಾಲು ಬಿಸಿ ಮಾಡೋಕೆ?

ಬ್ಲ್ಯಾಕ್‌ಟೌನಿನ ಆ ಮನೆಯ ಮುಂದೆ ಬೆಳಗಿನ ಎಳೆಬಿಸಿಲಿಗೆ ಕಡುನೀಲಿ ಮಸ್ಟಾಂಗು ಕಾರು ಮದುಮಗನ ಹಾಗೆ ಹೊಳೆಯುತ್ತ ನಿಂತಿತ್ತು. ಮೂರು ವರ್ಷ ಲತೇಶ್ ಶನಿವಾರ, ಭಾನುವಾರಗಳನ್ನೆಲ್ಲ ಅದರ ಹೊಟ್ಟೆಯಡಿಯಲ್ಲೇ ಕಳೆದಿದ್ದ. ಒಂಬತ್ತು ಗಂಟೆ ದಾರಿಯ ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ತಂಗಿ ನಿರೀಕ್ಷಾಳ ಗೃಹಪ್ರವೇಶ; ಹೆಂಡತಿ, ತಾಯಿ, ಎಂಟು ತಿಂಗಳ ಮಗಳು ಆದ್ಯಾ ಎಲ್ಲರನ್ನೂ ಇದರಲ್ಲೇ ಕೂರಿಸಿಕೊಂಡು ಹೋಗಿ ಇಳಿಯಬೇಕೆಂಬುದು ಅವನ ಆಸೆ. ಜ್ಯೋತ್ಸ್ನಾಳಿಗೆ ಪಕ್ಕದಲ್ಲಿ ನಿಂತಿದ್ದ ಕೊರೊಲಾ ಕಾರೇ ಸಾಕಿತ್ತು. ಮಗು ಸೀನಿದರೆ ಥರ್ಮಾಮೀಟರ್ ಹುಡುಕುವ, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಯೋಚಿಸುವ ಜೀವ ಅವಳದು.

ಅವಳು ಹಿಂದಿನ ಸೀಟಿಗೆ ಬಿಗಿದಿದ್ದ ಮಗುವಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

ಲತೇಶ್: ನೀನು ಎಳೆದ ರಭಸಕ್ಕೆ ಕಾರೇ ಅಲ್ಲಾಡಿತು. ಸೀಟು ಅಲ್ಲಾಡಿತಾ? ಹೊಸ ಬೋಲ್ಟು!

ಜ್ಯೋತ್ಸ್ನಾ: ಸೀಟು ಸರಿ. ಆದರೆ ಎಲ್ಲ ಬದಲಾಯಿಸಿದೋರು ಎಡಗಡೆ ಇರೋ ಸ್ಟೀರಿಂಗ್ ಯಾಕೆ ಬಿಟ್ರಿ?

ಲತೇಶ್: ಅದು ಬದಲಾದ್ರೆ ಇದು ಅಮೆರಿಕನ್ ಕಾರೇ ಅಲ್ಲ.

ಜ್ಯೋತ್ಸ್ನಾ: ಎಂಜಿನ್ ಕಿತ್ತಾಗ ಅಮೆರಿಕನ್, ಗೇರ್‌ಬಾಕ್ಸ್ ಕಿತ್ತಾಗ ಅಮೆರಿಕನ್, ಸ್ಟೀರಿಂಗ್ ಆ ಕಡೆ ಜರುಗಿಸಿದ್ರೆ ಮಾತ್ರ ಜಾತಿ ಕೆಡುತ್ತಾ? ಹೋದ ವಾರ ಓವರ್‌ಟೇಕ್ ಮಾಡೋವಾಗ ನಿಮಗೆ ಎದುರುಗಡೆ ಏನೂ ಕಾಣ್ಲಿಲ್ಲ. "ಲಾರಿ ಬರ್ತಿದೆಯಾ ನೋಡು" ಅಂದ್ರಿ ನನಗೆ. ಕಣ್ಣು ನಂದು, ಕಾಲು ನಿಮ್ಮದು. ಹೀಗೂ ಕಾರು ಓಡಿಸ್ತಾರಾ?

ಲತೇಶ್: ಅದಕ್ಕೇ ಇದು ಸಂಸಾರಸ್ಥರ ಕಾರು.

ಅಷ್ಟರಲ್ಲಿ ಉಡುಪಿಯಿಂದ ಬಂದಿದ್ದ ಅತ್ತೆ ಕುಸುಮಾವತಿ, ಸೊಂಟದ ಮೇಲೆ ಮೊಮ್ಮಗಳು, ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು ಹೊರಗೆ ಬಂದರು.

ಕುಸುಮಾವತಿ: ಎಂತ ಗಲಾಟೆ ನಿಮ್ಮದು? ಪೂಜೆ ಆಗದೆ ಈ ಗಾಡಿ ಗೇಟು ದಾಟುವುದಿಲ್ಲ.

ಲತೇಶ್: ಪೂಜೆ ಹೊಸ ಗಾಡಿಗೆ ಅಮ್ಮ. ಇದು ಹಳೇದು.

ಜ್ಯೋತ್ಸ್ನಾ: ಕೇಳಿದ್ರಾ ಅತ್ತೆ? ಈಗ ಹಳೇದಾಯ್ತು!

ಕುಸುಮಾವತಿ: ಹಳೇದಾದ್ರೆ ಇನ್ನೂ ಬೇಕು. ಇದರಲ್ಲಿ ಯಾರ್ಯಾರು ಕೂತಿದ್ರೋ, ಎಂತೆಂತ ತಿಂದಿದ್ರೋ.

ಲತೇಶ್: ಮಾಡು. ಕುಂಕುಮ ಮಾತ್ರ ಪೇಂಟಿಗೆ ತಾಗಿಸಬೇಡ. ತಾಳು, ಟೇಪ್ ಅಂಟಿಸ್ತೇನೆ, ಅದರ ಮೇಲೆ ಹಚ್ಚು.

ಕುಸುಮಾವತಿ: ದೇವರ ಕುಂಕುಮಕ್ಕೆ ಚಾಪೆ ಹಾಸ್ತೀಯಾ? ನಿನ್ನ ಹಣೆಗೆ ಹಚ್ಚುವಾಗ ಬಣ್ಣ ಹೋಗ್ತದೆ ಅಂತ ಯಾರಾದ್ರೂ ಅಂದಿದ್ರಾ?

ಕೊನೆಗೆ ಟೇಪಿನ ಮೇಲೇ ಕುಂಕುಮ ಬಿತ್ತು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಕೂತವು. ತೆಂಗಿನಕಾಯಿಯ ಚೂರು ಹಾರಿ ಬಾಗಿಲಿಗೆ ಬಡಿದೀತೆಂದು ಲತೇಶ್ ಅದನ್ನು ಒಡೆಯಲು ಹಿತ್ತಲಿಗೆ ಓಡಿದ. ಜ್ಯೋತ್ಸ್ನಾ ಆದ್ಯಾಳನ್ನು ಅವಳ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನು ಮತ್ತೆ ಮತ್ತೆ ಎಳೆದು ನೋಡಿ, ಮುಂದೆ ಬಲಗಡೆ ಬಂದು ಕೂತಳು.

ಊರಿನಲ್ಲಿ ಎಷ್ಟೋ ಗಾಡಿಗಳ ಪೂಜೆ ಕಂಡಿದ್ದ ಕುಸುಮಾವತಿಯವರ ಕೈಗೆ ರೂಢಿಯಾಗಿತ್ತು. ಒಳಗೆ ನೋಡದೆ, ಡ್ರೈವರು ಕೂರುವ ಕಡೆಯೆಂದು ನೇರ ಬಲಗಡೆಯ ಕಿಟಕಿಗೆ ಬಂದರು. ಸೊಸೆಯ ಹಣೆಗೆ ತಿಲಕವಿಟ್ಟು, ಆರತಿ ಎತ್ತಿ, ಅವಳ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದರು.

ಕುಸುಮಾವತಿ: ದೇವರೇ, ಓಡಿಸುವವಳ ಕೈಕಾಲು ನೆಟ್ಟಗಿಡು. ಒಳ್ಳೇದಾಯ್ತು ಮಗಾ, ನೀನೇ ಓಡಿಸುವುದು. ಅವನದ್ದು ಬರೀ ಅವಸರ.

ಜ್ಯೋತ್ಸ್ನಾ ಬಾಯಿ ತೆರೆದಳು. ಹಿಂದೆ ಮಗುವನ್ನು ನೋಡಿದಳು. ಬಾಯಿ ಮುಚ್ಚಿ, ದಾರವನ್ನು ಕಣ್ಣಿಗೊತ್ತಿಕೊಂಡಳು.

ಲತೇಶ್: (ಕಾಯಿಯ ಹೋಳು ಹಿಡಿದು ಓಡಿಬಂದು) ಅಮ್ಮಾ! ಸ್ಟೀರಿಂಗ್ ಆ ಕಡೆ ಉಂಟು!

ಕುಸುಮಾವತಿ: ಆ ಕಡೆ ಯಾಕೆ ಇಟ್ಟೆ?

ಲತೇಶ್: ನಾನಲ್ಲ, ಅಮೆರಿಕದವರು! ನನಗೆ ಇನ್ನೊಮ್ಮೆ ಆರತಿ ಮಾಡು.

ಕುಸುಮಾವತಿ: ಒಂದು ಗಾಡಿಗೆ ಇಬ್ಬರು ಡ್ರೈವರಾ? ದೇವರು ಯಾರನ್ನು ಅಂತ ನೋಡಿಕೊಳ್ಳುವುದು? ದಾರ ಯಾರ ಕೈಯಲ್ಲಿ ಉಂಟೋ ಅವರೇ ಓಡಿಸುವುದು.

ಜ್ಯೋತ್ಸ್ನಾ ಇಳಿದು, ಸುತ್ತು ಬಳಸಿ ಎಡಗಡೆಗೆ ಬಂದು, ಕೈ ಚಾಚಿದಳು.

ಜ್ಯೋತ್ಸ್ನಾ: ಕೀ.

ಲತೇಶ್: ನಿನಗೆ ಭಯ ಅಲ್ವಾ ಜ್ಯೋ?

ಜ್ಯೋತ್ಸ್ನಾ: ಭಯ ಪಕ್ಕದಲ್ಲಿ ಕೂತಾಗ. ಮೊದಲು ನಮ್ಮ ಬೀದೀಲೇ ನಾಲ್ಕು ಸುತ್ತು ಹಾಕ್ತೀನಿ. ಸರಿ ಹೋದ್ರೆ ಹೈವೇ, ಇಲ್ಲಾಂದ್ರೆ ಕೊರೊಲಾ. ಹತ್ತಿ.

ಕುಸುಮಾವತಿ ಹಿಂದೆ ಮಗುವಿನ ಪಕ್ಕ ಕೂತರು. ಎಂಜಿನ್ ಗುಡುಗಿತು. ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗಿತು. ನಿಂಬೆಹಣ್ಣುಗಳು ಪಚಕ್ಕೆಂದವು. ಇಷ್ಟು ದೊಡ್ಡ ಪ್ರಾಣಿ ಇಷ್ಟು ಸಾಧುವೇ ಎಂದು ಅವಳಿಗೆ ಅಚ್ಚರಿ. ನಾಲ್ಕನೆಯ ಸುತ್ತು ಮುಗಿದರೂ ಇಳಿಯುವ ಮನಸ್ಸಾಗಲಿಲ್ಲ. ಕಾರು ಹೈವೇಯ ಕಡೆ ಹೊರಳಿತು. ಬಲಗಡೆ ಲತೇಶ್ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಒತ್ತಿ ಕೂತಿದ್ದ.

ಲತೇಶ್: ನಿಧಾನ! ಹಂಪು! ಹಂಪು! ಎಡಕ್ಕೆ ಹೋಗಬೇಡ, ಕನ್ನಡಿ ತಾಗ್ತದೆ!

ಜ್ಯೋತ್ಸ್ನಾ: ಎಂಟು ತಿಂಗಳ ಮಗು ಸುಮ್ಮನೆ ಕೂತಿದೆ. ನಿಮಗೇನ್ರೀ?

ಲತೇಶ್: ಹೇಗೂ ಅರ್ಧ ದಾರಿ ಆದ ಮೇಲೆ ನಾನು ಓಡಿಸ್ತೇನಲ್ವಾ?

ಜ್ಯೋತ್ಸ್ನಾ: ಪೂಜೆ ದಾರ ಬಿಚ್ಚಬಾರದು. ಅದಾಗೇ ಸವೆದು ಬಿದ್ದ ದಿನ ಕೀ ನಿಮ್ಮದು. ಅಲ್ವಾ ಅತ್ತೆ?

ಕುಸುಮಾವತಿ: ಹೌದು. ಆದ್ರೆ ಮಗಾ, ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಲ್ಲಿ ಹತ್ತಿಯ ದಾರ ಇರ್ಲಿಲ್ಲ. ಇದು ನೈಲಾನು.