ಬೆಚ್ಚಗಿನ ಮತಗಟ್ಟೆ

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳನ್ನೆಲ್ಲ ನೋಡಿಕೊಳ್ಳಲು ಒಬ್ಬ ರಾಜ್ಯ ಶಾಲಾ ಅಧೀಕ್ಷಕರು, ಅಂದರೆ ಸೂಪರಿಂಟೆಂಡೆಂಟ್, ಇರತಕ್ಕದ್ದು, ಅವರನ್ನು ಜನರೇ ಮತ ಹಾಕಿ ಆರಿಸತಕ್ಕದ್ದು ಎಂದು ರಾಜ್ಯದ ಸಂವಿಧಾನದಲ್ಲಿ ಬರೆದಿದೆ. ಹಾಗೆ ಆರಿಸಲ್ಪಟ್ಟವರು ಓದಿರಬೇಕೆಂದಾಗಲಿ, ಶಾಲೆಯೊಂದನ್ನು ಒಳಹೊಕ್ಕು ಕಂಡಿರಬೇಕೆಂದಾಗಲಿ ಎಲ್ಲೂ ಬರೆದಿಲ್ಲ. ನಮ್ಮ ಹಿರಿಯರಿಗೆ ಜನರ ಮೇಲೆ ಅಷ್ಟು ನಂಬಿಕೆ ಇತ್ತು.

ನಾನು ಹೋಮ್‌ಕ್ವಿಸ್ಟ್ ಊರಿನ ಶಾಲಾ ಮಂಡಳಿಯ ಅಧ್ಯಕ್ಷ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಅಧ್ಯಕ್ಷಗಿರಿಗೆ ನನ್ನೆದುರು ಯಾರೂ ನಿಂತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಿಂತಿರಲಿಲ್ಲ. ಒಂದು ಸಭೆಗೆ ತಡವಾಗಿ ಹೋದೆ, ಅಷ್ಟರಲ್ಲಿ ಆರಿಸಿ ಮುಗಿಸಿದ್ದರು. ಆದ್ದರಿಂದ ಇಲ್ಲಿ ಹೇಳುತ್ತಿರುವುದೆಲ್ಲ ಅಧಿಕೃತವೆಂದು ತಿಳಿಯಬೇಕು.

ಆ ವರ್ಷ ಅಕ್ಟೋಬರ್‌ನಲ್ಲಿ, ಮೊದಲ ಹಿಮ ಬಿದ್ದ ವಾರವೇ, ಶಾಲೆಯನ್ನು ಬಿಸಿಯಾಗಿಡುವ ಬಾಯ್ಲರ್ ಕೆಟ್ಟುಹೋಯಿತು. ಅದರೊಳಗೆ ಬೆಂಕಿ ಉರಿಸುವ ಬರ್ನರ್ ಸುಟ್ಟುಹೋಗಿತ್ತು. ಹೊಸದು ಹಾಕಿಸಲು ಊರಿನವರು ತಯಾರಿದ್ದೆವು. ಆದರೆ ಶಾಲೆಯ ಬಾಯ್ಲರನ್ನು ಮುಟ್ಟಬೇಕಾದರೆ ರಾಜ್ಯ ಅಧೀಕ್ಷಕರ ಸಹಿ ಬೇಕು, ಅಧೀಕ್ಷಕರ ಕುರ್ಚಿಯೋ ಖಾಲಿ. ಹಿಂದಿನ ಅಧೀಕ್ಷಕರು ಎಲ್ಲ ಮಕ್ಕಳಿಗೂ ತಿಂಗಳಿಗೊಂದು ಪರೀಕ್ಷೆ ಕಡ್ಡಾಯ ಮಾಡಿ, ಆಮೇಲೆ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಕಂಪನಿಗೆ ಉಪಾಧ್ಯಕ್ಷರಾಗಿ ಹೋಗಿದ್ದರು. ಮಂಡಳಿಯ ಸಭೆಯಲ್ಲಿ ನಾವು ಅವರ ಸೇವೆಯನ್ನು ಸ್ಮರಿಸಿ ಎರಡು ನಿಮಿಷ ಎದ್ದು ನಿಂತೆವು. ನಿಂತರೆ ಕಾಲು ಸ್ವಲ್ಪ ಬೆಚ್ಚಗಾಗುತ್ತಿತ್ತು.

ಶಾಲೆಯಲ್ಲಿದ್ದದ್ದು ಹತ್ತೊಂಬತ್ತು ಮಕ್ಕಳು. ಮುಖ್ಯೋಪಾಧ್ಯಾಯಿನಿ, ಮಿಸ್ಸು, ಲೈಬ್ರರಿಯನ್ ಎಲ್ಲವೂ ಆರ್ಲಿಸ್ ಟೋಫ್ಟೆ ಮೇಡಂ ಒಬ್ಬರೇ. ಮಕ್ಕಳು ಕೋಟು, ಉಣ್ಣೆ ಟೋಪಿ ಹಾಕಿಕೊಂಡೇ ಪಾಠ ಕೇಳುತ್ತಿದ್ದರು. ಎಲ್ಲರಿಗಿಂತ ಚಿಕ್ಕವಳು ಆರು ವರ್ಷದ ಮಾರಿಟ್, ಕೈಗವಸು ಹಾಕಿದ ಕೈಯಲ್ಲಿ ಪುಟ ತಿರುವಲಾಗದೆ ಮೂಗಿನಿಂದ ತಿರುವುತ್ತಿದ್ದಳು. ಹೊಸ ವರ್ಷದೊಳಗೆ ಕಟ್ಟಡ ಬಿಸಿಯಾಗದಿದ್ದರೆ ನಿಯಮದ ಪ್ರಕಾರ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ದೂರದ ಕ್ರೇಗ್‌ಡೇಲ್‌ಗೆ ಬಸ್ಸಿನಲ್ಲಿ ಕಳಿಸಬೇಕು. ಹಿಮಗಾಳಿ ಎದ್ದರೆ ಆ ರಸ್ತೆಯಲ್ಲಿ ಬಸ್ಸು ಎಲ್ಲಿ ಹೂತುಹೋಗುತ್ತದೆಂದು ಹೇಳಲು ಬರುವುದಿಲ್ಲ. ಒಮ್ಮೆ ಮುಚ್ಚಿದ ಶಾಲೆ ನಮ್ಮ ಕಡೆ ಮತ್ತೆ ತೆರೆದದ್ದೂ ಇಲ್ಲ. ಶಾಲೆ ಹೋದ ಊರಿನಲ್ಲಿ ಮೊದಲು ಕಿರಾಣಿ ಅಂಗಡಿ ಹೋಗುತ್ತದೆ, ಆಮೇಲೆ ಚರ್ಚು, ಕೊನೆಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನನಗೆ ನಿಜವಾಗಿಯೂ ಭಯವಾಗಿತ್ತು.

ಅಧೀಕ್ಷಕರ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಡೆಲ್ಬರ್ಟ್ ಕ್ನುಟ್ಸನ್. ಇವರ ಫುಟ್‌ಬಾಲ್ ತಂಡ ಹಿಂದೊಮ್ಮೆ ರಾಜ್ಯದ ಕಪ್ ಗೆದ್ದಿದ್ದರಿಂದ ಇವರನ್ನು ಹೆಂಡತಿಯೂ ಕೋಚ್ ಎಂದೇ ಕರೆಯುವುದು. ಇನ್ನೊಬ್ಬರು ಲೋವೆಲ್ ಹೈನ್ಸ್, ದನಗಳ ಹರಾಜು ಕೂಗುವವರು. ರಾಜ್ಯದಲ್ಲಿ ಅವರ ದನಿ ಕೇಳದ ದನವಿಲ್ಲ. ಇಬ್ಬರೂ ನಮ್ಮ ಚರ್ಚಿನ ಊಟಕ್ಕೆ ಬಂದರು. ಊಟಕ್ಕೆ ಚಿಲ್ಲಿ ಎಂಬ ಖಾರದ ಕಾಳಿನ ಗೊಜ್ಜು, ಅದರಲ್ಲಿ ಅದ್ದಿ ತಿನ್ನಲು ಚಕ್ಕೆಪುಡಿ ಹಾಕಿದ ಸಿಹಿ ರೋಲ್. ಆರ್ಲಿಸ್ ಮೇಡಂ ತಟ್ಟೆ ಹಿಡಿದುಕೊಂಡೇ ಕೋಚ್ ಹತ್ತಿರ ಹೋದರು.

"ಕೋಚ್, ನಮ್ಮ ಶಾಲೆ ಬಾಯ್ಲರ್ ಕೆಟ್ಟಿದೆ. ನೀವು ಗೆದ್ರೆ ಸಹಿ ಹಾಕ್ತೀರಾ?"

"ಮೇಡಂ, ನಮ್ಮ ಹುಡುಗ್ರು ಫೈನಲ್ ಆಡಿದ ದಿನ ಮೂಗಿನ ತುದೀಲಿ ಮಂಜುಗಡ್ಡೆ ಕಟ್ಟಿತ್ತು. ಒಬ್ಬನಾದ್ರೂ ಬಾಯ್ಲರ್ ಬೇಕು ಅಂದ್ನಾ?"

"ನಮ್ಮಲ್ಲಿ ಆರು ವರ್ಷದ ಮಕ್ಕಳಿದಾರೆ."

"ಆರು ವರ್ಷಕ್ಕೇ ಶುರು ಮಾಡ್ಬೇಕು ಮೇಡಂ. ಆಮೇಲೆ ಮೈ ಬಗ್ಗಲ್ಲ."

ಹರಾಜಿನ ಲೋವೆಲ್ ಇದನ್ನು ಕೇಳಿಸಿಕೊಂಡು ಬೆಂಚಿನ ಮೇಲೆ ಹತ್ತಿದರು. "ಒಂದು ಬಾಯ್ಲರ್ ಕೇಳ್ತಿದಾರೆ, ನಾನು ಎರಡು ಕೊಡ್ತೀನಿ! ಎರಡು, ಎರಡು, ಯಾರಾದ್ರೂ ಮೂರು ಅಂತೀರಾ?" ಹಿಂದಿನ ಸಾಲಿನಲ್ಲಿ ನಮ್ಮ ಕ್ಲಾರೆನ್ಸ್ ಕಿವಿ ತುರಿಸಿಕೊಂಡ. "ಮೂರು! ಅಲ್ಲಿ, ಹಳದಿ ಟೋಪಿಯವರಿಗೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ಬಾಯ್ಲರ್‌ಗಳ ಭರವಸೆ ಹೀಗೆ ಕ್ಲಾರೆನ್ಸ್ ಪಾಲಾಯಿತು. ಅವನ ಮನೆಯಲ್ಲಿ ಒಳ್ಳೆಯ ಸೌದೆ ಒಲೆಯೇ ಇದೆ.

ಮತದಾನದ ಹಿಂದಿನ ದಿನ ಜಿಲ್ಲಾ ಚುನಾವಣಾಧಿಕಾರಿ ವರ್ನಾ ಸ್ಟೋಲ್ಟ್ಸ್ ಶಾಲೆಗೆ ಬಂದಳು. ನಮ್ಮ ಊರಿನ ಮತಗಟ್ಟೆ ಎಂದರೆ ಶಾಲೆಯ ಆಟದ ಹಾಲ್. ವರ್ನಾ ಮತ್ತು ಆರ್ಲಿಸ್ ಚರ್ಚಿನಲ್ಲಿ ಅಕ್ಕಪಕ್ಕ ನಿಂತು ಹಾಡುವ ಗೆಳತಿಯರು. ಆದರೆ ಕೋಟಿನ ಮೇಲೆ ಬ್ಯಾಡ್ಜ್ ಇದ್ದಾಗ ವರ್ನಾ ಯಾರಿಗೂ ಗೆಳತಿಯಲ್ಲ.

"ಇದೇನ್ರೀ ಇಷ್ಟು ಚಳಿ?" ಎಂದಳು.

"ಎರಡು ವಾರದಿಂದ ಹೀಗೇ ಇದೆ ಕಣೇ."

"ಇಲ್ಲಿ ಮತದಾನ ಹೇಗ್ರೀ ನಡೆಯುತ್ತೆ? ಮತದಾರರು ಕೈಗವಸು ತೆಗೆದು ಪೆನ್ನು ಹಿಡೀಬೇಕು ಅಂತ ಕಾನೂನಿದೆ. ಚಳಿಗೆ ಹೆದರಿ ಒಬ್ಬ ಮತದಾರ ವಾಪಸ್ ಹೋದ್ರೂ ಅದು ಹಕ್ಕಿನ ಹರಣ."

"ಮಕ್ಕಳಿಗೂ ಪೆನ್ನು ಹಿಡಿಯೋದೇ ಕೆಲಸ, ವರ್ನಾ."

"ಮಕ್ಕಳಿಗೆ ಮತ ಇಲ್ವಲ್ರೀ."

ಅವಳು ಒಂದು ಫೋನ್ ಮಾಡಿದಳು. ಮಧ್ಯಾಹ್ನದೊಳಗೆ ಚುನಾವಣಾ ಇಲಾಖೆಯ ಲಾರಿ ಬಂತು, ಹೊಸ ಬರ್ನರ್ ಕೂತಿತು, ಪೈಪುಗಳು ಢಣ ಢಣ ಎಂದವು. ಯಾರ ಸಹಿಯೂ ಬೇಕಾಗಲಿಲ್ಲ, ಏಕೆಂದರೆ ಅದು ಶಾಲೆಯ ಬರ್ನರ್ ಅಲ್ಲ, ಮತಗಟ್ಟೆಯ ಬರ್ನರ್. ಚುನಾವಣೆ ಮುಗಿದ ಸಂಜೆಯೇ ಬಿಚ್ಚಿಕೊಂಡು ಹೋಗತಕ್ಕದ್ದು. ಮರುದಿನ ಶಾಲೆ ಹಿತವಾಗಿ ಬೆಚ್ಚಗಿತ್ತು, ಮತದಾನದ ಪ್ರಯುಕ್ತ ಮಕ್ಕಳಿಗೆ ರಜೆ ಇತ್ತು.

ಫಲಿತಾಂಶ ಬಂದಾಗ ಇಬ್ಬರ ನಡುವಿನ ಅಂತರ ಒಂದು ಬಸ್ಸು ತುಂಬುವಷ್ಟೂ ಇರಲಿಲ್ಲ. ಹಾಗಾದಲ್ಲಿ ಪ್ರತಿ ಮತಗಟ್ಟೆಯಲ್ಲೂ ಮರುಎಣಿಕೆ ನಡೆಯಬೇಕು, ಅದು ಮುಗಿಯುವವರೆಗೆ ಮತಗಟ್ಟೆ ಇದ್ದ ಸ್ಥಿತಿಯಲ್ಲೇ ಇರಬೇಕು. ಅಂದರೆ ಬರ್ನರ್ ಉಳಿಯಿತು. ಆದರೆ ಮತಗಟ್ಟೆಯ ಬಾಗಿಲಿನಿಂದ ನೂರು ಅಡಿಯೊಳಗೆ ಮತದಾರರು, ಅಧಿಕಾರಿಗಳು ಮತ್ತು ಅಭ್ಯರ್ಥಿಗಳ ವೀಕ್ಷಕರನ್ನು ಬಿಟ್ಟು ಯಾರೂ ಬರುವಂತಿಲ್ಲ. ಶಾಲೆಗೆ ಬಂದ ಮಕ್ಕಳನ್ನು ವರ್ನಾ ಗೆರೆಯಾಚೆ ಹಿಮದಲ್ಲಿ ನಿಲ್ಲಿಸಿದಳು. ಆರ್ಲಿಸ್ ಮೇಡಂ ಗೆರೆಯ ಮೇಲೆ ನಿಂತು ಕೇಳಿದರು.

"ವೀಕ್ಷಕರಿಗೆ ಎಷ್ಟು ವಯಸ್ಸಾಗಿರ್ಬೇಕು?"

ವರ್ನಾ ನಿಯಮದ ಪುಸ್ತಕ ತೆಗೆದು ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ಏನೂ ಬರೆದಿಲ್ಲ."

ಅಂದೇ ಕೋಚ್ ಅವರಿಗೂ ಲೋವೆಲ್ ಅವರಿಗೂ ಫೋನ್ ಹೋಯಿತು. ಪುಕ್ಕಟೆ ವೀಕ್ಷಕರು ಸಿಗುತ್ತಾರೆಂದು ಇಬ್ಬರೂ ಒಪ್ಪಿದರು. ಹತ್ತು ಮಕ್ಕಳು ಕೋಚ್ ಕಡೆ, ಒಂಬತ್ತು ಮಕ್ಕಳು ಹರಾಜಿನ ಕಡೆ. ಪ್ರಮಾಣವಚನ ಬೋಧಿಸಿ, ಕೊರಳಿಗೆ ಬ್ಯಾಡ್ಜ್ ಹಾಕಿ ಒಳಗೆ ಬಿಡಲಾಯಿತು. ಆರ್ಲಿಸ್ ಮೇಡಂ ಅವರನ್ನು ವೀಕ್ಷಕರ ತರಬೇತುದಾರರೆಂದು ನೇಮಿಸಲಾಯಿತು. ತರಬೇತಿಯಲ್ಲಿ ಕೂಡುವುದು, ಕಳೆಯುವುದು ಮತ್ತು ಓದುವುದು ಸೇರಿದ್ದವು.

ಮತಗಟ್ಟೆಯೊಳಗೆ ಪ್ರಚಾರ ನಿಷಿದ್ಧ. ಕೋಚ್ ಅವರ ಬಣ್ಣ ಹಸಿರು, ಲೋವೆಲ್ ಅವರದು ಕೆಂಪು. ಹಾಗಾಗಿ ವರ್ನಾ ಎಲ್ಲ ಮಕ್ಕಳ ಬಣ್ಣದ ಬಳಪದ ಡಬ್ಬಿಗಳಿಂದ ಹಸಿರು, ಕೆಂಪು ಕಡ್ಡಿಗಳನ್ನು ವಶಪಡಿಸಿಕೊಂಡು ಮೊಹರು ಹಾಕಿದಳು. ಮಕ್ಕಳು ನೀಲಿ ಮರ, ಕಂದು ಸೇಬು ಬರೆದರು. ಕ್ರಿಸ್‌ಮಸ್ ಬಂದಾಗ ಆಟದ ಹಾಲ್‌ನಲ್ಲಿ ಹಳದಿ ಕಾಗದದ ಮರ ನಿಲ್ಲಿಸಿ, ಬೂದು ಕೋಟಿನ ಸಾಂತಾಕ್ಲಾಸ್‌ನನ್ನು ಕರೆಸಿದೆವು. ಆ ಸಾಂತಾ ನಾನೇ. ಮಕ್ಕಳು ನನ್ನನ್ನು ತೆರಿಗೆ ಇಲಾಖೆಯವನೆಂದುಕೊಂಡರು, ಆದರೂ ಸಿಹಿ ತೆಗೆದುಕೊಂಡರು.

ಮರುಎಣಿಕೆ ನಮ್ಮ ಊರಿಗೆ ಬಂದದ್ದು ಜನವರಿಯಲ್ಲಿ. ವರ್ನಾ ಮೊದಲ ಮತಪತ್ರ ಬಿಡಿಸುತ್ತಿದ್ದಂತೆ ಹಿಂದಿನಿಂದ ಮಾರಿಟ್ ಕೈ ಎತ್ತಿದಳು. ವರ್ನಾ ತಕ್ಷಣ ಎಣಿಕೆ ನಿಲ್ಲಿಸಿದಳು.

"ವೀಕ್ಷಕರ ಆಕ್ಷೇಪಣೆ!"

"ಅವಳಿಗೆ ಬಾತ್‌ರೂಮಿಗೆ ಹೋಗ್ಬೇಕು ಅಷ್ಟೇ," ಎಂದರು ಆರ್ಲಿಸ್ ಮೇಡಂ.

"ಕಾರಣ ಏನೇ ಇರ್ಲಿ, ಎಣಿಕೆ ಹೊತ್ತಲ್ಲಿ ವೀಕ್ಷಕರ ಕೈ ಎದ್ದಿದೆ. ಇಬ್ಬರೂ ಅಭ್ಯರ್ಥಿಗಳಿಗೆ ನೋಟಿಸ್ ಹೋಗ್ಬೇಕು. ಮುಂದಿನ ವಾರ ಮೊದಲಿಂದ ಎಣಿಸ್ತೀನಿ."

ಮುಂದಿನ ವಾರ ವರ್ನಾ ಮತಪತ್ರ ಬಿಡಿಸುವ ಹೊತ್ತಿಗೆ ಸರಿಯಾಗಿ ಆರ್ಲಿಸ್ ಮೇಡಂ ಬೋರ್ಡಿನ ಕಡೆ ತಿರುಗಿ ಜೋರಾಗಿ ಕೇಳಿದರು: "ಎರಡೆರಡ್ಲ ಎಷ್ಟು? ಯಾರಿಗೆ ಗೊತ್ತು?"

ಹತ್ತೊಂಬತ್ತು ಕೈಗಳೂ ಎದ್ದವು.

ಹೀಗೆ ವಾರಗಳು ಕಳೆದವು. ಈ ನಡುವೆ ಅಧೀಕ್ಷಕರ ಸಂಬಳ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಎದ್ದು, ಫಲಿತಾಂಶ ಬರುವವರೆಗೆ ಇಬ್ಬರೂ ಗೆದ್ದಿದ್ದಾರೆಂದು ಭಾವಿಸತಕ್ಕದ್ದು ಎಂದು ರಾಜಧಾನಿಯಿಂದ ಆದೇಶವಾಯಿತು. ಇಬ್ಬರಿಗೂ ಸಂಬಳ, ಇಬ್ಬರಿಗೂ ಕಾರು. ಸಹಿ ಹಾಕುವ ಅಧಿಕಾರ ಮಾತ್ರ ಇಬ್ಬರಿಗೂ ಇಲ್ಲ. ಅದರಿಂದಾಗಿ ತಿಂಗಳ ಪರೀಕ್ಷೆಗಳು ನಿಂತವು, ಹೊಸ ಸುತ್ತೋಲೆಗಳು ಬರಲಿಲ್ಲ, ರಾಜ್ಯದ ಮಕ್ಕಳು ಓದಿನಲ್ಲಿ ಗಮನಾರ್ಹವಾಗಿ ಮುಂದೆ ಬಂದರು. ಇದು ಹೇಗಾಯಿತೆಂದು ಪತ್ತೆ ಹಚ್ಚಿ ಸರಿಪಡಿಸಲು ಸಮಿತಿ ನೇಮಕವಾಗಿದೆ.

ಫೆಬ್ರವರಿಯಲ್ಲಿ ರಾಜಧಾನಿಗೆ ತಾಳ್ಮೆ ಕೆಟ್ಟಿತು. ಉಳಿದೆಲ್ಲ ಕಡೆ ಎಣಿಕೆ ಮುಗಿದಿತ್ತು, ಹೋಮ್‌ಕ್ವಿಸ್ಟ್ ಒಂದೇ ಬಾಕಿ. ವೀಕ್ಷಕರು ತಮ್ಮ ಆಕ್ಷೇಪಣೆಯನ್ನು ಬಾಯಲ್ಲೇ ಹೇಳಬೇಕು, ಅರ್ಥವಿಲ್ಲದ್ದನ್ನು ತಳ್ಳಿಹಾಕಿ ಆ ಶುಕ್ರವಾರವೇ ಫಲಿತಾಂಶ ಘೋಷಿಸಬೇಕು, ಸಂಜೆಗೆ ಬರ್ನರ್ ಬಿಚ್ಚಬೇಕು ಎಂದು ಆಜ್ಞೆ ಬಂತು. ಹೊಸ ಅಧೀಕ್ಷಕರ ಮೇಜಿನ ಮೇಲೆ ಮೊದಲ ಸಹಿಗೆ ಕಾದಿರುವುದು ಬಾಯ್ಲರ್ ಕೆಟ್ಟಿರುವ ಶಾಲೆಗಳನ್ನು ಮುಚ್ಚುವ ಆದೇಶವೆಂದೂ, ಅದರಲ್ಲಿ ನಮ್ಮ ಶಾಲೆಯೂ ಇದೆಯೆಂದೂ ನನಗೆ ಅಧಿಕೃತವಾಗಿ ತಿಳಿಸಲಾಯಿತು. ನಾನು ಆರ್ಲಿಸ್ ಮೇಡಂಗೆ ಹೇಳಿದೆ. ಅವರು ಬೋರ್ಡ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಬಹಳ ಹೊತ್ತು ಒರೆಸಿದರು. ನನಗೆ ಅಲ್ಲಿ ನಿಲ್ಲಲಾಗದೆ ಅಂಗಡಿಗೆ ಬಂದುಬಿಟ್ಟೆ.

ಶುಕ್ರವಾರ ಹೊರಗೆ ಹಿಮಗಾಳಿ. ಎದುರಿನ ಚರ್ಚು ಕಾಣುತ್ತಿರಲಿಲ್ಲ. ಇಬ್ಬರೂ ಅಭ್ಯರ್ಥಿಗಳು ತಮ್ಮ ತಮ್ಮ ಸರ್ಕಾರಿ ಕಾರಿನಲ್ಲಿ ಬಂದಿದ್ದರು. ತರಬೇತುದಾರರು ಬಾಯಿ ತೆರೆಯಕೂಡದೆಂದು ವರ್ನಾ ಮೊದಲೇ ಎಚ್ಚರಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿದಳು.

"ನಿಮ್ಮ ಆಕ್ಷೇಪಣೆ ಏನು?"

"ನಾಲ್ಕು," ಎಂದ ಮೊದಲನೆಯವನು.

"ಉತ್ತರ ಸರಿ. ಆಕ್ಷೇಪಣೆ ವಜಾ. ಮುಂದಿನವರು."

ಹದಿನೆಂಟು ಮಕ್ಕಳು ನಾಲ್ಕು ಎಂದರು, ಹದಿನೆಂಟೂ ವಜಾ ಆದವು. ಕೊನೆಗೆ ಮಾರಿಟ್ ಉಳಿದಳು. ಆರ್ಲಿಸ್ ಮೇಡಂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ನಿಮ್ಮದೇನು?" ಎಂದಳು ವರ್ನಾ.

"ಸೂಪರಿಂಟೆಂಡೆಂಟ್ ಬಂದ್ರೆ ಬಿಸಿ ಹೋಗ್ಬಿಡುತ್ತೆ," ಎಂದಳು ಮಾರಿಟ್. "ಅದಕ್ಕೆ ಅವ್ರು ಬರೋದು ಬೇಡ."

ವರ್ನಾ ನಿಯಮದ ಪುಸ್ತಕದ ಪುಟ ತಿರುವಿ ಹಾಕಿದಳು.

"ಯಾವ ಅಭ್ಯರ್ಥಿ ವಿರುದ್ಧ ಈ ಆಕ್ಷೇಪಣೆ?"

ಮಾರಿಟ್ ಇಬ್ಬರನ್ನೂ ನೋಡಿದಳು. "ಇಬ್ರೂ ಒಳ್ಳೆಯವ್ರೇ. ಆದ್ರೂ ಬೇಡ."

ಪುಸ್ತಕ ಮುಚ್ಚಿದಾಗ ವರ್ನಾಳ ಮುಖದಲ್ಲಿ ನಾನೆಂದೂ ಕಾಣದ ಗೌರವವಿತ್ತು. ಈವರೆಗಿನ ಅರ್ಥವಿದ್ದ ಆಕ್ಷೇಪಣೆಗಳೆಲ್ಲ ಒಬ್ಬರ ಪರ, ಇನ್ನೊಬ್ಬರ ವಿರುದ್ಧ ಬಂದಂಥವು; ಯಾರ ಪಕ್ಷವನ್ನೂ ವಹಿಸದ ಆಕ್ಷೇಪಣೆ ರಾಜ್ಯದ ಇತಿಹಾಸದಲ್ಲಿ ಇದೇ ಮೊದಲು ಎಂದಳು. ಅಂಥದ್ದನ್ನು ವಜಾ ಮಾಡುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಅದನ್ನು ಇಡೀ ರಾಜ್ಯದ ಮತಕ್ಕೆ ಹಾಕಬೇಕು. ಮುಂದಿನ ಸಾರ್ವತ್ರಿಕ ಚುನಾವಣೆಯವರೆಗೆ ಎಣಿಕೆ ನಿಲ್ಲತಕ್ಕದ್ದು, ಎಲ್ಲ ಮತಗಟ್ಟೆಗಳೂ ಬೆಚ್ಚಗಿರತಕ್ಕದ್ದು.

"ಅಲ್ಲೀತನಕ ನಮ್ಮ ಸಂಬಳ?" ಎಂದರು ಕೋಚ್.

"ನಡೆಯುತ್ತೆ."

"ಹಾಗಾದ್ರೆ ಆ ಪುಟ್ಟಿ ಹೇಳೋದ್ರಲ್ಲಿ ನ್ಯಾಯ ಇದೆ." ಲೋವೆಲ್ ಕೂಡ ಹೌದೆಂದರು. ತಮ್ಮನ್ನು ಆರಿಸಬೇಡಿರೆಂದು ಊರೂರು ತಿರುಗಿ ಪ್ರಚಾರ ಮಾಡುವುದಾಗಿ ಇಬ್ಬರೂ ಅಲ್ಲೇ ಕೈ ಕುಲುಕಿಕೊಂಡರು, ಖರ್ಚು ರಾಜ್ಯದ್ದು. ಮಾರಿಟ್ ಕೂತಳು. ಆರ್ಲಿಸ್ ಮೇಡಂ ಕಿಟಕಿಯಿಂದ ತಿರುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು.

ಹಿಮಗಾಳಿ ನಿಲ್ಲುವವರೆಗೆ ಹೊರಗೆ ಕಾಲಿಡುವಂತಿರಲಿಲ್ಲ. ನಿಂತೇ ಇದ್ದ ಅಭ್ಯರ್ಥಿಗಳಿಗೆ ಆರ್ಲಿಸ್ ಮೇಡಂ, "ಪಾಠ ಶುರು ಮಾಡ್ತಿದೀನಿ, ಕೂತ್ಕೊಳ್ಳಿ" ಎಂದರು. ಅವರಿಬ್ಬರೂ ಮೊಣಕಾಲು ಗಲ್ಲಕ್ಕೆ ತಾಗುವ ಪುಟ್ಟ ಕುರ್ಚಿಗಳಲ್ಲಿ ಕೂತು ಮೂರರ ಮಗ್ಗಿ ಹೇಳಿದರು, ಭೂಪಟದಲ್ಲಿ ನದಿಗಳನ್ನು ಹುಡುಕಿದರು, ಮಾರಿಟ್ ಕಥೆ ಓದುವುದನ್ನು ಬಾಯಿ ಬಿಟ್ಟುಕೊಂಡು ಕೇಳಿದರು. ಕೋಚ್ ಅವರಿಗೆ ಬಹಳ ಹಿಡಿಸಿತು. ಗಾಳಿ ನಿಂತು ಹೊರಡುವಾಗ ನನ್ನನ್ನು ಬಾಗಿಲ ಬಳಿ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು.

"ಏನ್ ಚೆನ್ನಾಗಿದೆ ಕಣ್ರೀ ಇದು. ನಮ್ಮ ರಾಜ್ಯದಲ್ಲಿ ಇಂಥವು ಇನ್ನೂ ಇದಾವಾ?"

ಅದನ್ನು ತಿಳಿದುಕೊಳ್ಳುವುದು ಅಧೀಕ್ಷಕರ ಕೆಲಸ ಎಂದೆ.

"ಸದ್ಯ, ನಾನು ಬಚಾವ್," ಎಂದು ಅವರು ಕಾರು ಹತ್ತಿದರು.