ಬರ್ತಾ ತಗೊಳ್ತೀನಿ

ನನಗೆ ‘ಬೇಡ’ ಅನ್ನಲು ಬರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳ ತಪ್ಪು ಲೆಕ್ಕದ ಮೇಲೆ ಕೆಂಪು ಗೀಟು ಎಳೆಯುವಾಗ ನಾನು ಎಂದೂ ಹಿಂದೆಮುಂದೆ ನೋಡಿಲ್ಲ. ಆದರೆ ಅಂಗಡಿಯವರು ಒಂದು ಸಾಮಾನನ್ನು ಕೈಗೆ ಕೊಟ್ಟು ಆಸೆಯಿಂದ ಮುಖ ನೋಡಿದರೆಂದರೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತುಬಿಡುತ್ತೇನೆ. ಕೊಳ್ಳುವ ಮನಸ್ಸಿರುವುದಿಲ್ಲ, ಬೇಡವೆನ್ನುವ ಧೈರ್ಯವೂ ಇರುವುದಿಲ್ಲ. ಆಗ ನನ್ನನ್ನು ಕಾಪಾಡುತ್ತಾ ಬಂದಿರುವುದು ಒಂದೇ ಮಾತು: “ಬರ್ತಾ ತಗೊಳ್ತೀನಿ.” ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಎಂದು ನನ್ನ ಅವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ಆ ಪಾಠವನ್ನು ನಾನು ಅಂಗಡಿಗಳಿಗೂ ಅನ್ವಯಿಸಿಕೊಂಡೆ, ಅಷ್ಟೆ. ನಮ್ಮ ಸೀಮೆಯಲ್ಲಿ ಈ ಮಾತನ್ನು ಆಡುವವನೂ ನಂಬಿ ಆಡುವುದಿಲ್ಲ, ಕೇಳುವವನೂ ನಂಬಿ ಕೇಳುವುದಿಲ್ಲ. ಅದೊಂದು ನಮಸ್ಕಾರ ಇದ್ದ ಹಾಗೆ. ಹಾಗೆಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಬೇಸಿಗೆ ರಜೆ ಬಂದರೆ ಈ ಮಾತಿನ ಬಳಕೆ ಹೆಚ್ಚಾಗುತ್ತದೆ. ಚಳ್ಳಕೆರೆಯ ಏಪ್ರಿಲ್ ತಿಂಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ, ಕಾಣದವರಿಗೆ ವಿವರಿಸಿ ಪ್ರಯೋಜನವಿಲ್ಲ. ಹತ್ತು ಗಂಟೆಗೇ ತಾರಸಿ ಕಾದು ಮನೆಯ ಫ್ಯಾನು ಬಿಸಿಗಾಳಿ ಬಡಿಸತೊಡಗುತ್ತದೆ. ಶಾಲೆ ಇಲ್ಲದ ಮೇಷ್ಟರಿಗೆ ಹೋಗಲು ಎರಡೇ ಜಾಗ, ಟೀ ಅಂಗಡಿ ಮತ್ತು ಗಿಫ್ಟ್ ಸೆಂಟರು. ಸುಡು ಬಿಸಿಲಿನಲ್ಲಿ ಸುಡುವ ಟೀ ಯಾಕೆ ಎಂದು ನನ್ನ ಹೆಂಡತಿ ಸರೋಜ ಪ್ರತಿ ವರ್ಷ ಕೇಳುತ್ತಾಳೆ. ಮದುವೆಯಾದಾಗಿನಿಂದ ಯೋಚಿಸುತ್ತಿದ್ದೇನೆ, ಉತ್ತರ ಹೊಳೆದಿಲ್ಲ. ಗಿಫ್ಟ್ ಸೆಂಟರಿನ ವಿಷಯ ಹಾಗಲ್ಲ. ಅಲ್ಲಿ ಒಳ್ಳೆಯ ಫ್ಯಾನುಗಳಿರುತ್ತವೆ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದರಲ್ಲಿ ಕೂಲರ್ ಕೂಡ ಇದೆ. ಆದರೆ ಸುಮ್ಮನೆ ಗಾಳಿ ತೆಗೆದುಕೊಂಡು ನಿಲ್ಲಲು ಆಗುತ್ತದೆಯೇ? ಮರ್ಯಾದೆಗಾದರೂ ಏನಾದರೊಂದನ್ನು ನೋಡಬೇಕು. ಹೀಗೆ ನಾನು ಗಾಜಿನ ಪೆಟ್ಟಿಗೆಯೊಳಗಿನ ತಾಜಮಹಲು, ಜೋಡಿ ಗಿಳಿ, ಗಂಟೆಗೊಮ್ಮೆ ಹಾಡುವ ಗೋಡೆ ಗಡಿಯಾರ ಮುಂತಾದವನ್ನು ಎಷ್ಟು ಗಮನವಿಟ್ಟು ಪರೀಕ್ಷಿಸಿದ್ದೇನೆಂದರೆ, ಅಷ್ಟು ಗಮನವನ್ನು ಉತ್ತರಪತ್ರಿಕೆಗಳಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮುಖ್ಯೋಪಾಧ್ಯಾಯನಾಗಿರುತ್ತಿದ್ದೆ. ಮೈ ಬೆವರು ಆರಿದ ಮೇಲೆ “ಬರ್ತಾ ತಗೊಳ್ತೀನಿ” ಅಂದು ಹೊರಗೆ ಬರುವುದು. ಮರುದಿನ ಇನ್ನೊಂದು ಅಂಗಡಿ.

ಸರೋಜಳ ಅಕ್ಕನ ಮನೆ ಮೊಳಕಾಲ್ಮುರಿನಲ್ಲಿದೆ. ಬೇಸಿಗೆಯಲ್ಲಿ ಅವಳು ಅಲ್ಲಿಗೆ ಹೋಗಿ ಕೂರುತ್ತಾಳೆ, ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿಯೂ ನನ್ನ ವ್ಯಾಪಾರ ಇದೇ. ರೇಷ್ಮೆ ಸೀರೆಯ ಅಂಗಡಿಯಲ್ಲಿ ಕೂರಿಸಿ ನೀರು ಕೊಡುತ್ತಾರೆ, ಹಾಸುಗಂಬಳಿಯ ಮೇಲೆ ಸೀರೆಗಳನ್ನು ಬಿಚ್ಚಿ ಹರಡುತ್ತಾರೆ. ಗಡಿ ಊರಾದ್ದರಿಂದ ಕೆಲವರು ತೆಲುಗಿನಲ್ಲಿ ಮಾತಾಡಿಸುತ್ತಾರೆ, ಸಂತೆಪೇಟೆಯ ಬಳೆ ಅಂಗಡಿಯ ಸಾಹೇಬರು ಉರ್ದುವಿನಲ್ಲಿ. ನನಗೆ ಆ ಎರಡೂ ಭಾಷೆ ಬರುವುದಿಲ್ಲ, ಆದರೆ ಈ ಒಂದು ಮಾತು ಮಾತ್ರ ಮೂರರಲ್ಲಿಯೂ ಬರುತ್ತದೆ. “ವಚ್ಚೇಟಪ್ಪುಡು ತೀಸ್ಕುಂಟಾನು” ಅಂದರೆ ತೆಲುಗಿನವರು ತಲೆಯಾಡಿಸುತ್ತಾರೆ, “ಆತೇ ವಖತ್ ಲೇತೂಂ” ಅಂದರೆ ಸಾಹೇಬರು ಕೈಯೆತ್ತಿ ಬೀಳ್ಕೊಡುತ್ತಾರೆ. ಇದರ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ಬೇಸಿಗೆಯ ಹಿಂದೆ ಹೀಗೆ ಮೊಳಕಾಲ್ಮುರಿಗೆ ಹೋಗುವಾಗ ಬಸ್ಸು ಬದಲಿಸಲು ದಾರಿಯ ಬಿ.ಜಿ. ಕೆರೆಯಲ್ಲಿ ಇಳಿದೆ. ಮುಂದಿನ ಬಸ್ಸಿಗೆ ಹೊತ್ತಿತ್ತು, ಟೀ ಕುಡಿಯುವ ಚಪಲವಿತ್ತು. ರಸ್ತೆ ಪಕ್ಕದಲ್ಲೇ ಶೀಟಿನ ಮಾಡಿನ ಒಂದು ಅಂಗಡಿ. ಒಂದು ಕಡೆ ತಿಪ್ಪಮ್ಮ ಎಂಬ ಹೆಂಗಸು ಟೀ ಕಾಯಿಸುತ್ತಿದ್ದಳು. ಇನ್ನೊಂದು ಕಡೆ ಹಲಗೆಯ ಮೇಲೆ ಅವಳ ಮಾವ ಬೀರಜ್ಜ ತಾನೇ ನೇಯ್ದ ಕಂಬಳಿಗಳನ್ನು ಮಡಚಿಟ್ಟುಕೊಂಡು ಕೂತಿದ್ದ. ಹಿಂದಿನ ಚಪ್ಪರದಲ್ಲಿ ಮಗ್ಗವಿತ್ತು. ಊರಿಗೆ ಹೋಗುವವರು ಉಡುಗೊರೆಗೆಂದು ಒಂದೊಂದು ಒಯ್ಯುತ್ತಾರಂತೆ. ನಾನು ಟೀ ಕುಡಿಯುತ್ತಾ, ಸುಮ್ಮನಿರಲಾರದೆ, ಮೇಷ್ಟರೆಂದು ಪರಿಚಯ ಹೇಳಿಕೊಂಡು ಒಂದು ಕಂಬಳಿ ಮುಟ್ಟಿ ನೋಡಿದೆ. ಅಜ್ಜ ಎದ್ದು ಬಂದು ಅದನ್ನು ನನ್ನ ತೊಡೆಯ ಮೇಲೆ ಹರಡಿಬಿಟ್ಟ. ನೂಲಿಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ, ಮೇ ತಿಂಗಳ ಮಧ್ಯಾಹ್ನ, ತೊಡೆಯ ಮೇಲೆ ಕರಿ ಕಂಬಳಿ. ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಬೇಡವೆನ್ನಲು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಇಂಥ ಬಿಗಿಯಾದ ಸಂದರ್ಭಕ್ಕೆಂದು ನಾನು ಇನ್ನೊಂದು ಉಪಾಯ ಇಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಏನಿಲ್ಲವೋ ಅದನ್ನು ಕೇಳುವುದು. ನಮ್ಮ ಕಡೆ ಕುರಿಯೆಲ್ಲ ಹೆಚ್ಚಾಗಿ ಕರಿ ಕುರಿಯೇ. ಅದಕ್ಕೇ ಬಹಳ ಯೋಚಿಸಿದವನಂತೆ ಮುಖ ಮಾಡಿ, ಇದಕ್ಕೆ ಬಿಳಿ ಅಂಚು ಇದ್ದಿದ್ದರೆ ಎಷ್ಟು ಚೆಂದ ಇರುತ್ತಿತ್ತು, ಅಂಥದು ಇದ್ದರೆ ಬರ್ತಾ ತಗೊಳ್ತೀನಿ ಅಜ್ಜ, ಎಂದು ಎದ್ದೆ. ಬೀರಜ್ಜ ಮಾತ್ರ ತಲೆಯಾಡಿಸಿ ನಗಲಿಲ್ಲ. ನನ್ನನ್ನೇ ನೋಡುತ್ತಾ, “ಅಂಚು ಎಷ್ಟು ಅಗಲ ಇರ್ಬೇಕ್ರಿ?” ಎಂದು ಕೇಳಿದ. ನಾನು ನಾಲ್ಕು ಬೆರಳು ತೋರಿಸಿ ಬಸ್ಸು ಹತ್ತಿದೆ.

ಕೆಟ್ಟದ್ದೇನೆಂದರೆ ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬರಲು ನನ್ನ ಬಸ್ಸಿಗೆ ಬೇರೆ ದಾರಿಯಿಲ್ಲ. ಆ ಸಂಜೆ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಾಗ ಅಜ್ಜ ಅಂಗಡಿಯ ಮುಂದೆ ಹಣೆಗೆ ಕೈ ಅಡ್ಡ ಹಿಡಿದು ಬಸ್ಸಿನತ್ತ ನೋಡುತ್ತಾ ನಿಂತಿದ್ದ. ನಾನು ಬಗ್ಗಿ ಚಪ್ಪಲಿ ಸರಿ ಮಾಡಿಕೊಂಡೆ. ಆಮೇಲೆ ಎರಡು ವರ್ಷ, ಆ ಊರು ಬಂದಾಗಲೆಲ್ಲ ನನ್ನ ಚಪ್ಪಲಿಗೆ ಏನಾದರೊಂದು ಆಗುತ್ತಿತ್ತು. ಇಲ್ಲವೇ ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿಯುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ಕೂತಿದ್ದವನು ಪತ್ರಿಕೆ ತಲೆಕೆಳಗಾಗಿದೆ ಎಂದು ಹೇಳಿ ಅದನ್ನು ತಾನೇ ತಿರುಗಿಸಿ ಕೊಟ್ಟ. ಒಂದು ಕಂಬಳಿ ಬೇಡವೆನ್ನಲಾರದ ತಪ್ಪಿಗೆ, ಐವತ್ತು ದಾಟಿದ ಮನುಷ್ಯ ಬೇಸಿಗೆಯುದ್ದಕ್ಕೂ ವಾರವಾರ ಸೀಟಿನ ಕೆಳಗೆ ತಲೆ ಹಾಕಿ ಕೂರಬೇಕಾಯಿತು. ಅಜ್ಜ ಮರೆತಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಹೇಳಿಕೊಳ್ಳುವವನು ಬಗ್ಗುವುದೇಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಈ ಬೇಸಿಗೆ ನಾನು ಸರೋಜಳನ್ನು ಕರೆತರಲು ಹೊರಟ ಬಸ್ಸಿನ ಚಕ್ರ, ಹೋಗಿ ಹೋಗಿ, ಬಿ.ಜಿ. ಕೆರೆಯಲ್ಲಿ ಆ ಅಂಗಡಿಯ ಎದುರಿಗೇ ಪಂಕ್ಚರ್ ಆಯಿತು. ಎಲ್ಲರೂ ಇಳಿಯಿರಿ ಎಂದ ಕಂಡಕ್ಟರ್. ಸುತ್ತ ನೆರಳಿದ್ದದ್ದು ಅದೊಂದೇ ಮಾಡಿನ ಕೆಳಗೆ. ಕೊನೆಯವನಾಗಿ ಇಳಿದು ಒಬ್ಬ ದಪ್ಪ ಮನುಷ್ಯನ ಹಿಂದೆ ನಿಂತುಕೊಂಡೆ. ಅವನು ಟೀ ಹೀರಿ ಪಕ್ಕಕ್ಕೆ ಸರಿದ. ತಿಪ್ಪಮ್ಮ ನನ್ನನ್ನು ನೋಡಿದಳು, ಸೌಟು ಕೆಳಗಿಟ್ಟಳು.

“ಮಾವ, ಬಿಳಿ ಅಂಚಿನ ಮೇಷ್ಟ್ರು ಬಂದ್ರು.”

ಆ ಮನೆಯಲ್ಲಿ ಎರಡು ವರ್ಷದಿಂದ ನನ್ನ ಹೆಸರು ಅದೇ ಆಗಿತ್ತು. ಅವಳು ಅಟ್ಟದಿಂದ ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿ ನನ್ನ ಮುಂದೆ ಬಿಚ್ಚಿದಳು. ಕರಿ ಕಂಬಳಿ, ಎರಡೂ ತುದಿಗೆ ನಾಲ್ಕು ಬೆರಳಗಲದ ಬಿಳಿ ಅಂಚು. ಬಿಳಿ ಉಣ್ಣೆಗೆಂದು ಅಜ್ಜ ದೊಡ್ಡಉಳ್ಳಾರ್ತಿಯ ಬೀಗರಿಗೆ ಹೇಳಿ ಕಳಿಸಿದ್ದನಂತೆ. ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯುತ್ತಿದ್ದ ಕಾಲದಲ್ಲಾದರೆ ಕೇಳಿದಾಗ ಸಿಗುತ್ತಿತ್ತು, ಈಗ ಅದಕ್ಕೆ ಬೇಲಿ ಬಿದ್ದು ಹಿಂಡುಗಳೇ ಕಡಿಮೆ. ಎರಡು ಬಿಳಿ ಕುರಿ ಇದ್ದವನನ್ನು ಹುಡುಕಿ, ಉಣ್ಣೆ ಕತ್ತರಿಸುವ ತನಕ ಕಾದು ತಂದದ್ದು. ಅದೇ ಅಜ್ಜನ ಕೊನೆಯ ಕಂಬಳಿ. ಆಮೇಲೆ ಕಣ್ಣು ಮಂಜಾಗಿ ಮಗ್ಗ ಬಿಚ್ಚಿಟ್ಟರು. ಬಳ್ಳಾರಿ ಕಡೆಯ ಕಾರಿನವರು ಇದನ್ನೇ ಬೇಕೆಂದು ಹಟ ಹಿಡಿದಾಗಲೂ ಅಜ್ಜ ಕೊಡಲಿಲ್ಲವಂತೆ. ಇಷ್ಟನ್ನು ತಿಪ್ಪಮ್ಮ ಲೋಟ ತೊಳೆಯುತ್ತಾ, ಯಾವ ದೂರೂ ಇಲ್ಲದೆ ಹೇಳಿದಳು. ಆಮೇಲೆ ಹೇಳಿದ್ದು ಇದು:

“ಹೋದ ಚಳಿಗಾಲದಾಗೆ ಮಾವಂಗೆ ಜ್ವರ ಬಂದು ಗಡಗಡ ನಡುಗ್ತಿದ್ರು. ಮನೇಲಿದ್ದ ಹೊಸವೆಲ್ಲ ಮಾರಿ ಆಗಿತ್ತು. ಇದನ್ನ ಹೊದಿಸ್ತೀನಿ ಅಂದ್ರೆ ಕೇಳ್ಲಿಲ್ಲ. ಅದು ಮೇಷ್ಟ್ರದು, ನಾನು ಹೊದ್ದಿದ್ದು ಅವ್ರಿಗೆ ಹೆಂಗೆ ಕೊಡ್ಲಿ ಅಂದ್ರು. ಹಳೇ ಹರುಕು ಕಂಬಳೀಲೇ ಮಲ್ಕಂಡ್ರು.”

ತಪ್ಪಾಯಿತು ಅಜ್ಜ, ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟೂ ಬಾಯಿಂದ ಹೊರಡಲಿಲ್ಲ. ಅಜ್ಜ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತು ಕಂಬಳಿಯ ತುದಿಯನ್ನು ಬೆರಳಿನಿಂದ ಸವರಿದ. “ಅಂಚು ಬೆಳ್ಳಗೈತೇನ್ರಿ?” ಎಂದು ಕೇಳಿದ. ಎರಡು ವರ್ಷ ಟೀ ಒಲೆಯ ಹೊಗೆ ಕುಡಿದು ಅದು ಅರಿಸಿನ ಬಣ್ಣಕ್ಕೆ ತಿರುಗಿತ್ತು. “ಬೆಳ್ಳಗೈತೆ ಅಜ್ಜ” ಅಂದೆ. ಆ ಅಂಗಡಿಯಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು. ಅದಕ್ಕೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ.

ದುಡ್ಡು ಕೊಟ್ಟು ಕಂಬಳಿ ತೆಗೆದುಕೊಂಡೆ. ಇಡೀ ಬಸ್ಸಿನ ಜನ ಒಮ್ಮೆಲೇ ಟೀ ಕುಡಿದಿದ್ದರಿಂದ ನನ್ನ ಪಾಳಿ ಬರುವ ಹೊತ್ತಿಗೆ ಹಾಲು ಮುಗಿದಿತ್ತು. ಕಂಡಕ್ಟರ್ ಸೀಟಿ ಊದಿದ. ತಿಪ್ಪಮ್ಮ, ಈ ಬಿಸಿಲಿನಲ್ಲಿ ಕಂಬಳಿ ಯಾಕೆ ಹೊತ್ತುಕೊಂಡು ಹೋಗುತ್ತೀರಿ, ಇಲ್ಲೇ ಇರಲಿ, “ಬರ್ತಾ ತಗಂಡ್ ಹೋಗ್ರಿ” ಅಂದಳು. ಅವಳು ಕುಹಕಕ್ಕೆ ಹೇಳಲಿಲ್ಲ, ಕನಿಕರಕ್ಕೆ ಹೇಳಿದಳು. ಆ ಮನೆಯವರು ಈಗಲೂ ನನ್ನನ್ನು ನಂಬಿದ್ದರು. ನನ್ನನ್ನು ಚೆನ್ನಾಗಿ ಬಲ್ಲವನು ನಾನೊಬ್ಬನೇ ಆದ್ದರಿಂದ, ಬೇಡ ತಾಯಿ, ಈಗಲೇ ಒಯ್ಯುತ್ತೇನೆ, ಎಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡೆ. ಬದುಕಿನಲ್ಲಿ ಮೊದಲ ಸಲ ನನ್ನ ಬಾಯಲ್ಲಿ ‘ಬೇಡ’ ಬಂತು. ಹಾಗಾದರೆ ಟೀಯನ್ನಾದರೂ ಬರ್ತಾ ಕುಡಿಯಿರಿ ಎಂದ ಅಜ್ಜ. ಖಂಡಿತ ಬರ್ತೀನಿ, ಸಂಜೆ ಹೆಂಡತಿಯನ್ನೂ ಕರೆದುಕೊಂಡೇ ಬರ್ತೀನಿ, ಎಂದು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಈ ಸಲ ನಿಜವಾಗಿಯೂ ಮನಸ್ಸಿನಿಂದ ಹೇಳಿದ್ದೆ. ಬಸ್ಸು ಹೊರಡುವಾಗ ಅಜ್ಜ ಸೊಸೆಗೆ, “ಮೇಷ್ಟ್ರಿಗೆ ಹಾಲು ತೆಗೆದಿಡವ್ವ” ಅನ್ನುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು.

ಮೇ ತಿಂಗಳ ನಡು ಮಧ್ಯಾಹ್ನ ಹೆಗಲ ಮೇಲೆ ಕಂಬಳಿ ಹೊತ್ತು ನಡೆದು ಬಂದ ನನ್ನನ್ನು ಮೊಳಕಾಲ್ಮುರಿನ ಜನ ಹೇಗೆ ನೋಡಿದರೆಂದು ಬರೆಯುವುದಿಲ್ಲ. ಸೀರೆ ಅಂಗಡಿಯವರು ಮೊದಲ ಸಲ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ಕಂಡ ಸರೋಜ, ಜ್ವರವೇನ್ರಿ ಎಂದು ಹಣೆ ಮುಟ್ಟಿ ನೋಡಿದಳು. ನಡೆದದ್ದನ್ನೆಲ್ಲ ಅವಳಿಗೆ ಆಗಲೇ ಹೇಳಬೇಕಿತ್ತು. ಅಕ್ಕನ ಮನೆಯವರೆಲ್ಲ ಇದ್ದರು, ನಾಚಿಕೆಯಾಯಿತು. ಅಗ್ಗಕ್ಕೆ ಸಿಕ್ಕಿತು, ತಗೊಂಡೆ, ಅಂದುಬಿಟ್ಟೆ. ದಾರಿಯಲ್ಲಿ ಬಿ.ಜಿ. ಕೆರೆಯಲ್ಲಿ ಇಳಿದು ಅಜ್ಜನ ಮುಂದೆಯೇ ಎಲ್ಲ ಹೇಳಿದರಾಯಿತು ಎಂದುಕೊಂಡೆ.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೇಕೆಂದೇ ಅಂಗಡಿ ಬರುವ ಕಡೆಗೆ ಕೂತೆ. ಕಂಬಳಿ ತೊಡೆಯ ಮೇಲಿತ್ತು. ಎರಡು ವರ್ಷದ ಭಾರ ಇಳಿದ ಹಾಗಿತ್ತು, ಗಾಳಿ ತಂಪಾಗಿತ್ತು, ಬಿ.ಜಿ. ಕೆರೆಗೆ ಮೊದಲು ಸಿಗುವ ಹಾನಗಲ್ ದಾಟಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಬಸ್ಸು ತಳಕಿನಲ್ಲಿ ನಿಂತಿತ್ತು, ಬಿ.ಜಿ. ಕೆರೆ ಆಗಲೇ ಹಿಂದಕ್ಕೆ ಹೋಗಿತ್ತು. ಎಬ್ಬಿಸಬಾರದಾಗಿತ್ತೇ ಎಂದು ಸರೋಜಳ ಮೇಲೆ ರೇಗಿದೆ. ಕಂಬಳಿ ತಬ್ಬಿಕೊಂಡು ಮಗುವಿನ ಹಾಗೆ ಮಲಗಿದ್ದಿರಿ, ಯಾಕೆ ಎಬ್ಬಿಸಲಿ, ಅಲ್ಲೇನಿತ್ತು, ಎಂದು ಅವಳು ಕೇಳಿದಳು. ಹೇಳಿರದ ಮೇಲೆ ಅವಳಿಗೆ ಹೇಗೆ ಗೊತ್ತಾಗಬೇಕು? ಆಮೇಲೆ ಮೆಲ್ಲಗೆ, ಅಂಗಡಿ ಮುಂದೆ ಒಬ್ಬ ಮುದುಕಪ್ಪ ಹಣೆಗೆ ಕೈ ಹಿಡಿದು ಬಸ್ಸಿನ ಕಡೆ ನೋಡುತ್ತಿದ್ದ, ಪಾಪ, ಯಾರಿಗೋ ಕಾಯುತ್ತಿದ್ದ ಅನ್ನಿಸುತ್ತದೆ, ಅಂದಳು.

ತಳಕಿನಲ್ಲಿ ಇಳಿದು ಎದುರಿನ ಬಸ್ಸು ಹಿಡಿಯಬಹುದಿತ್ತು. ಸಾಮಾನು ಬಹಳ ಇದೆ ಎಂದುಕೊಂಡೆ. ಇದಾಗಿ ಎರಡು ಭಾನುವಾರ ಕಳೆದಿವೆ. ಕಂಬಳಿ ಕುರ್ಚಿಯ ಬೆನ್ನಿಗೆ ಬಿದ್ದಿದೆ. ಅದರ ಮೇಲೆ ಒರಗಿದಾಗಲೆಲ್ಲ ಹಾಲಿನದೇ ಯೋಚನೆ. ಎರಡು ವರ್ಷ ಕಂಬಳಿ ಕಾದಿಟ್ಟ ಮನುಷ್ಯ ದಿನಾ ಸಂಜೆ ನನಗೆಂದು ಒಂದು ಲೋಟ ಹಾಲು ತೆಗೆದಿಡಿಸುತ್ತಿಲ್ಲ ಎಂದು ಹೇಗೆ ನಂಬಲಿ? ಕೊನೆಗೆ ಈ ದಿನ ಬೆಳಿಗ್ಗೆ ಸರೋಜಳಿಗೆ ಎಲ್ಲ ಹೇಳಿದೆ. ಅವಳು, ನಾಳೆಯೇ ಹೋಗಿ, ಬರಿಗೈಯಲ್ಲಿ ಹೋಗಬೇಡಿ, ಆ ಅಜ್ಜನಿಗೆ ಏನಾದರೂ ಒಯ್ಯಿರಿ, ಅಂದಳು. ಸರಿಯಾದ ಮಾತು. ಮಧ್ಯಾಹ್ನವೇ ಬಸ್‌ಸ್ಟ್ಯಾಂಡ್ ಹತ್ತಿರದ ಗಿಫ್ಟ್ ಸೆಂಟರಿಗೆ ಹೋದೆ. ಅಂಗಡಿಯವನು ಒಂದು ಸ್ಟೀಲ್ ಫ್ಲಾಸ್ಕು ತೋರಿಸಿದ, ಹಾಲು ಸಂಜೆಯವರೆಗೆ ಬಿಸಿಯಾಗಿರುತ್ತದಂತೆ. ಅಜ್ಜನಿಗೆ ಹೇಳಿ ಮಾಡಿಸಿದ ಹಾಗಿತ್ತು. ಮುಚ್ಚಳ ತಿರುಗಿಸಿ ನೋಡಿದೆ, ತಳ ತಟ್ಟಿ ನೋಡಿದೆ. ಕೂಲರಿನ ಗಾಳಿ ಹಿತವಾಗಿತ್ತು, ಬೆವರು ಆರಿತು. ಅಂಗಡಿಯವನು ಆಸೆಯಿಂದ ನನ್ನ ಮುಖ ನೋಡಿದ.

“ಬರ್ತಾ ತಗೊಳ್ತೀನಿ” ಅಂದೆ.

ಅವನು ಫ್ಲಾಸ್ಕನ್ನು ಒರೆಸಿ ಅದರ ಜಾಗದಲ್ಲಿಟ್ಟ. ಅವನು ನನ್ನನ್ನು ಬಲ್ಲ.