ನವಿಲುಗರಿ ಇಲ್ಲದ ಗ್ರೈಂಡರ್

ಇಡ್ಲಿ ಮಾರುವ ಮುದುಕಿ ರಂಗಾತ್ತಾ ತಳ್ಳುಗಾಡಿಯಲ್ಲಿ ತಂದ ಗ್ರೈಂಡರಿನ ತಳದಲ್ಲಿ ನವಿಲುಗರಿ ಇರಲಿಲ್ಲ. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

ಕೊಯಮತ್ತೂರಿನಲ್ಲಿ ಗ್ರೈಂಡರ್ ಮಾರುವ ಮರುದಾಚಲಂ ಒಂದು ಕಾಲಕ್ಕೆ ಎಲ್ಲರನ್ನೂ ನಂಬುತ್ತಿದ್ದ. ಯಾರದೋ ಮನೆಯ ಹಳೇ ಗ್ರೈಂಡರನ್ನು ತನ್ನ ಅಂಗಡಿಯ ವಾರಂಟಿ ಚೀಟಿಯೊಂದಿಗೆ ತಂದು ಮೂವರು ಟೋಪಿ ಹಾಕಿದ ಮೇಲೆ ಬುದ್ಧಿ ಬಂತು. ಅಂದಿನಿಂದ ಮಾರಿದ ಪ್ರತಿಯೊಂದರ ತಳದಲ್ಲೂ ಮೊಳೆಯಿಂದ ಒಂದು ನವಿಲುಗರಿ ಗೀರುತ್ತಿದ್ದ. ಗರಿ ಇಲ್ಲದಿದ್ದರೆ ರಿಪೇರಿ ಇಲ್ಲ. ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಪೂವಾತ್ತಾಳಿಗೆ ಮಾತ್ರ.

ಪೂವಾತ್ತಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂಗಡಿಯ ಮೇಲಿನ ಮನೆಯಲ್ಲಿ ಅವಳ ಗ್ರೈಂಡರನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಒಂದು ಮೊಳ ಮಲ್ಲಿಗೆ ಮುಡಿಸಿ, ತಾನು ಮೆಸ್ಸಿಗೆ ಹೋಗಿ ಉಣ್ಣುತ್ತಿದ್ದ.

"ಅಜ್ಜೀ, ಇದು ನಮ್ಮ ಅಂಗಡೀದಲ್ಲ."

"ನಿಂದೇ ಕಣಪ್ಪಾ. ಬೆಲ್ಟ್ ಹೋಗಿದೆ ಅಷ್ಟೆ. ನಾಳೆ ಇಡ್ಲಿ ಬೇಯದಿದ್ರೆ ನಂಗೆ ಗಂಜೀನೂ ಇಲ್ಲ."

"ನಾನು ಕೊಟ್ಟಿದ್ದು ಎಲ್ಲಿ? ಮಾರಿಬಿಟ್ರಾ?"

ಎದುರಂಗಡಿಯ ದರ್ಜಿ ಆರೋಗ್ಯಸಾಮಿ ಕತ್ತರಿ ಹಿಡಿದೇ ಓಡಿಬಂದ. ಕರೆಯದೆ ಬರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ಬಿಡ್ಬೇಡಿ ಅಣ್ಣಾ! ನರೆಗೂದಲು ನೋಡಿ ಮೋಸ ಹೋಗ್ಬೇಡಿ!"

ಜನ ಸೇರಿದರು. ಜನ ಸೇರಿದ ಮೇಲೆ ಮರುದಾಚಲಂಗೂ ರೋಷ ಏರಿತು. "ಪೊಲೀಸರನ್ನ ಕರೀತೀನಿ!"

ರಂಗಾತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನನ್ನದು ಕೆಟ್ಟಾಗ, ಮೋಟರಿಗೆ ನೀರು ಹೋಗಿದೆ, ವಾರಂಟಿ ಇಲ್ಲ ಅಂತ ನೀನು ಓಡಿಸ್ದೆ. ಆಸ್ಪತ್ರೆ ಸೇರೋ ಹಿಂದಿನ ದಿನ ನಿನ್ನ ಹೆಂಡ್ತಿ ಹಿಂಬಾಗಿಲಿಗೆ ಕರೆದು ತನ್ನದನ್ನ ಕೊಟ್ಟು ನನ್ನದನ್ನ ಇಟ್ಕೊಂಡ್ಳು. ಎರಡೂ ನೋಡೋಕೆ ಒಂದೇ ಥರ. 'ಅವರಿಗೆ ಹೇಳ್ಬೇಡಿ, ನಾನು ಬಂದ ಮೇಲೆ ಹೇಗೋ ರಿಪೇರಿ ಮಾಡಿಸ್ತೀನಿ' ಅಂದ್ಲು."

ಮರುದಾಚಲಂ ಗರಿ ಗೀರದೆ ಬಿಟ್ಟದ್ದು ಒಂದೇ ಒಂದು ಗ್ರೈಂಡರಿಗೆ. ಮನೆಯದಕ್ಕೆ ಗುರುತು ಯಾಕೆ?

ಅವನು ಮೆಟ್ಟಿಲು ಹತ್ತಿ ಓಡಿದ. ಮಲ್ಲಿಗೆ ಮುಡಿದ ಗ್ರೈಂಡರನ್ನು ತಲೆಕೆಳಗು ಮಾಡಿದ. ಹೂವೆಲ್ಲ ನೆಲಕ್ಕೆ ಉದುರಿತು. ತಳದಲ್ಲಿ ಅವನದೇ ಕೈಯ ನವಿಲುಗರಿ.

ಕೆಳಗಿಳಿದು ಬಂದು ಮುದುಕಿಯ ಗ್ರೈಂಡರ್ ಮೇಲೆ ಕೈಯಿಟ್ಟ. "ಅಜ್ಜೀ, ಹೊಸದು ತಗೊಳ್ಳಿ. ದೊಡ್ಡದನ್ನೇ ತಗೊಳ್ಳಿ. ಇದನ್ನ ನಂಗೆ ಕೊಟ್ಬಿಡಿ."

"ಇಲ್ಲ ಕಣಪ್ಪಾ. ಅವಳು ಕೈಯಾರೆ ಕೊಟ್ಟದ್ದು. ದಿನಾ ತೊಳೆಯುವಾಗ ಅವಳ ಹತ್ರ ಎರಡು ಮಾತಾಡ್ತೀನಿ."

ಆರೋಗ್ಯಸಾಮಿ ಇಷ್ಟರಲ್ಲಿ ಪಕ್ಷ ಬದಲಿಸಿದ್ದ. ಕತ್ತರಿಯಿಂದ ಗೋಡೆಯ ಬೋರ್ಡು ತೋರಿಸಿದ. 'ಕೊಟ್ಟ ಸಾಮಾನು ವಾಪಸ್ ಪಡೆಯುವುದಿಲ್ಲ' ಎಂದಿತ್ತು. "ನೀವೇ ಬರೆಸಿದ್ದಲ್ವಾ ಅಣ್ಣಾ?"

ಮರುದಾಚಲಂ ಬೆಲ್ಟ್ ಬದಲಿಸಲು ಕೂತ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಕಲ್ಲುಗಳನ್ನು ಒಂದೊಂದಾಗಿ ಸವರಿ ಒರೆಸಿದ. ಕೊನೆಗೆ ಮೊಳೆ ತೆಗೆದು, ಇನ್ನು ಯಾರೂ ಮುದುಕಿಯನ್ನು ಕಳ್ಳಿ ಎನ್ನದಿರಲೆಂದು ತಳದಲ್ಲಿ ಒಂದು ನವಿಲುಗರಿ ಗೀರಿದ. ಗರಿ ಸ್ವಲ್ಪ ಸೊಟ್ಟಗಾಯಿತು.

"ನಾಳೆ ನಂಗೆ ನಾಲ್ಕು ಇಡ್ಲಿ ಕಳಿಸ್ತೀರಾ ಅಜ್ಜೀ?"

"ಕಳಿಸ್ತೀನಿ. ಅತ್ಕೊಂಡು ಅರ್ಧ ತಿಂದು ವಾಪಸ್ ಕೊಟ್ರೆ ಮಾತ್ರ ತಗೊಳ್ಳಲ್ಲ."

ಗಾಡಿ ತಿರುವಿನಲ್ಲಿ ಮರೆಯಾಯಿತು. ಮೇಲಿನ ಮನೆಯಲ್ಲಿ, ಎಂಟು ತಿಂಗಳು ಮಲ್ಲಿಗೆ ಮುಡಿದ ಕೆಟ್ಟ ಗ್ರೈಂಡರ್ ತಲೆಕೆಳಗಾಗಿ ಬಿದ್ದಿತ್ತು. ಮೋಟರಿಗೆ ನೀರು ಹೋಗಿತ್ತು. ಅದಕ್ಕೆ ವಾರಂಟಿ ಇರಲಿಲ್ಲ.